ಬೋಣಿಗೆಗೆ ಮುಂಚೆ ಆಡಬಾರದ ಮಾತು

ನನ್ನ ಜಾಗಕ್ಕೆ ಬಂದ ಅಶ್ವಿನಿ ಮೊನ್ನೆ ಫೋನು ಮಾಡಿದ್ದಳು. ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ವೆಬ್‌ಸೈಟಿಗೆ ಇನ್ನು ಮುಂದೆ ಬ್ಲಾಗು ಬರೆಯುವವಳು ಆಕೆ. ಆರಾಮ, ಊಟ, ಮಳೆ ಎಲ್ಲ ಮುಗಿದ ಮೇಲೆ ಕೇಳಿದಳು: "ಕಾಕಾ, ಒಂದು ಬ್ಲಾಗಿನ್ಯಾಗ ಎಷ್ಟು ಶಬ್ದ ಇರಬೇಕ್ರಿ?"

"ಅಂಗಡಿಗೆ ಬಂದಾಕಿ ಮುಂದ ಎಷ್ಟು ಸೀರಿ ಬಿಚ್ಚತೀವೋ ಅಷ್ಟು," ಅಂದೆ.

ಆಕೆ ನಕ್ಕು ಫೋನು ಇಟ್ಟಳು. ನಿವೃತ್ತರಾದವರು ಹೀಗೆ ಒಗಟು ಹಾಕಿಯೇ ಮಾತಾಡುತ್ತಾರೆ ಅಂದುಕೊಂಡಿರಬೇಕು. ನನಗೂ ಆಮೇಲೆ ಸರಿ ಅನ್ನಿಸಲಿಲ್ಲ. ಕೇಳಿದವರಿಗೆ ನೆಟ್ಟಗೆ ಹೇಳಬೇಕು. "ಹಂಗಾರ ಕುಂತು ಬರೀರಿ, ಅಡಗಿಮನ್ಯಾಗ ನನ್ನ ಕಾಲಾಗ ಕಾಲಾಗ ಸುಳೀಬ್ಯಾಡ್ರಿ" ಅಂತ ಹೆಂಡತಿ ಶಾಂತಾ ಅಂದಳು. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಮೊದಲು ಕೂತದ್ದು ಗಾದಿಯ ಮೇಲೆ. ನಮ್ಮ ಕಡೆ ಸೀರೆ ಅಂಗಡಿ ಅಂದರೆ ಬಿಳಿ ಹಾಸಿನ ಗಾದಿ. ಗಿರಾಕಿಗಳು ಚಪ್ಪಲಿ ಬಿಟ್ಟು ಮೇಲೆ ಬಂದು ಕೂಡುತ್ತಾರೆ, ನಾವು ಎದುರಿಗೆ ಕೂತು ಸೀರೆ ಬಿಚ್ಚಿ ಹರವುತ್ತೇವೆ. ಮಾಲಕರಾದ ಈರಣ್ಣ ಸಾವಕಾರರು ಮೂಲೆಯಲ್ಲಿ ಲೋಡುದಿಂಬಿಗೆ ಒರಗಿ ಎಲ್ಲ ನೋಡುತ್ತ ಇರುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಬಾದಾಮಿ ಕಡೆಯಿಂದ ಒಂದು ಮದುವೆಯ ಜನ ಬಂದರು. ನನಗೆ ಹುರುಪು. ಸೀರೆಯ ಅಂಚಿನಲ್ಲಿ ಗೋಮಿ ದಡಿ ತೋರಿಸಿದೆ, ಚಿಕ್ಕಿ ಪರಾಸ ದಡಿ ತೋರಿಸಿದೆ, ಅವರು ಕೇಳದ ಬಣ್ಣವನ್ನೂ ಬಿಚ್ಚಿದೆ. ನೋಡನೋಡುತ್ತ ಗಾದಿಯ ಮೇಲೆ ಗುಡ್ಡೆ ಬಿತ್ತು. ಅವರು ಚಹಾ ಕುಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, "ಬರ್ತೇವ್ರಿ, ಮತ್ತ ಬರ್ತೇವಿ" ಅಂತ ಎದ್ದರು. ಎದುರಿನ ಅಂಗಡಿಗೆ ಹೋಗಿ ಸೀರೆ ತಗೊಂಡರು.

ಸಾವಕಾರರು ಬೈಯಲಿಲ್ಲ. ಅಷ್ಟೂ ಸೀರೆಯನ್ನು ನನ್ನ ಕೈಯಲ್ಲೇ ಮಡಿಚಿಸಿದರು. ಮಡಿಚುವಾಗ ಪಕ್ಕದಲ್ಲಿ ಬಂದು ಕೂತು ಹೇಳಿದರು: "ಸಂಗಣ್ಣ, ಆಕಿ ಕಣ್ಣ ನೋಡು, ಸೀರಿ ನೋಡಬ್ಯಾಡ. ಕಣ್ಣು ಒಂದ ಕಡಿ ನಿಂತಿತಂದ್ರ ನಿನ್ನ ಕೈ ನಿಲ್ಲಬೇಕು. ನೀ ಮ್ಯಾಲ ಮ್ಯಾಲ ಒಗದ್ರ ಆಕಿಗೆ ಸೇರಿದ್ದು ತಳಕ್ಕ ಬೀಳ್ತೈತಿ."

ಅವರ ಇನ್ನೊಂದು ಪಾಠವೂ ಇತ್ತು. ಮುಂದಿನ ಕಥೆಗೆ ಅದು ಬೇಕು, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ಬೋಣಿಗೆ ಆಗುವ ತನಕ, ಅಂದರೆ ದಿನದ ಮೊದಲ ವ್ಯಾಪಾರ ಕುದುರುವ ತನಕ, ನಮ್ಮ ಅಂಗಡಿಯಲ್ಲಿ "ಇಲ್ಲ", "ಬ್ಯಾಡ" ಅನ್ನುವ ಹಾಗಿರಲಿಲ್ಲ. ಕೇಳಿದ ಸೀರೆ ಇರದಿದ್ದರೆ "ಬರ್ತಾವ್ರಿ" ಅನ್ನಬೇಕು. ಚಹಾ ಬೇಕಾ ಅಂತ ಕೇಳಿದರೂ ಬ್ಯಾಡ ಅನ್ನದೆ "ಆಮ್ಯಾಲ" ಅನ್ನಬೇಕು. ಎಷ್ಟೋ ಬೆಳಗು ನಾನು ಬೇಡದ ಚಹಾ ಕುಡಿದಿದ್ದೇನೆ.

ಗಾದಿಯಿಂದ ಕುರ್ಚಿಗೆ ಏರಿದ್ದೇ ನನ್ನ ಬಡ್ತಿ. ಅದರಿಂದ ಬೆನ್ನುನೋವು ಬಂತು, ಬೇರೆ ಹೇಳಿಕೊಳ್ಳುವಂಥದ್ದು ಏನೂ ಬರಲಿಲ್ಲ. ಸಾವಕಾರರ ಮಗಳು ಸ್ಮಿತಾ ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಬಂದು ವೆಬ್‌ಸೈಟು ಶುರು ಮಾಡಿದಳು. ಸೀರೆಯ ಬಗ್ಗೆ ಕನ್ನಡದಲ್ಲಿ ಬರೆಯುವವರು ಬೇಕಾಗಿತ್ತು. "ಕಾಕಾ, ನೀವು ಗಾದಿ ಮ್ಯಾಲ ಮಾತಾಡ್ತೀರಲ್ಲ, ಅದನ್ನ ಬರೀರಿ ಸಾಕು" ಅಂದಳು. ಅಷ್ಟು ಸಲೀಸು ಅಂತ ನಾನೂ ನಂಬಿದೆ.

ಆದರೆ ಪೆನ್ನು ಹಿಡಿದ ಕೂಡಲೇ ನಮ್ಮ ಮಂದಿಗೆ ಮೈಮೇಲೆ ಶಾಲು ಹೊದ್ದ ಹಾಗೆ ಆಗುತ್ತದೆ. ನನ್ನ ಮೊದಲ ಬ್ಲಾಗು "ವಸ್ತ್ರವು ಮಾನವನ ಮೂಲಭೂತ ಅವಶ್ಯಕತೆಗಳಲ್ಲಿ ಒಂದಾಗಿದ್ದು" ಅಂತ ಶುರುವಾಗಿತ್ತು. ಮನೆಗೆ ಹೋಗಿ ಶಾಂತಾಳ ಕೈಯಲ್ಲಿ ಫೋನು ಕೊಟ್ಟೆ. ಆಕೆ ಓದತೊಡಗಿದಳು. ನಾನು ಅಭ್ಯಾಸಬಲದಿಂದ ಆಕೆಯ ಕಣ್ಣು ನೋಡಿದೆ, ಕಣ್ಣಿಂದ ಏನೂ ತಿಳಿಯಲಿಲ್ಲ. ಹೆಬ್ಬೆರಳು ನೋಡಿದೆ. ಅದು ಸರಸರ ಮೇಲಕ್ಕೆ ತಳ್ಳುತ್ತಲೇ ಇತ್ತು, ಎಲ್ಲೂ ನಿಲ್ಲಲಿಲ್ಲ.

"ಓದಿದೇನು?"

"ಓದಿದೆ. ಭಾಳ ಛಲೋ ಐತಿ. ಯಾರು ಬರದಾರ?"

ಅಂದಿನಿಂದ ಹೆಬ್ಬೆರಳು ನೋಡುವುದೇ ನನ್ನ ಪದ್ಧತಿಯಾಯಿತು. ಏನು ಬರೆದರೂ ಮೊದಲು ಶಾಂತಾಳಿಗೋ ಅಂಗಡಿಯಲ್ಲಿ ಯಾರಿಗೋ ಓದಲು ಕೊಟ್ಟು ಬೆರಳು ಎಲ್ಲಿ ತಡೆಯುತ್ತದೆ, ಎಲ್ಲಿ ಓಡುತ್ತದೆ ಅಂತ ನೋಡುತ್ತಿದ್ದೆ. ಓಡಿದ ಜಾಗವನ್ನು ಅಳಿಸುತ್ತಿದ್ದೆ. ಅಳಿಸುವುದು ಸುಲಭವಲ್ಲ, ಯಾಕೆಂದರೆ ಓಡುವುದು ಯಾವಾಗಲೂ ನಮಗೆ ಬಹಳ ಸೇರಿದ ಸಾಲುಗಳ ಮೇಲೆಯೇ.

ಇಷ್ಟು ಕಲಿತ ಮೇಲೂ ಎಡವಿದ್ದುಂಟು. ಬಾದಾಮಿಯ ಗುಹೆ ನೋಡಲು ಬಂದವರು ನಮ್ಮ ಅಂಗಡಿಗೂ ಬರಲಿ ಅಂತ ಒಂದು ಬ್ಲಾಗು ಬರೆದೆ. ದಾರಿಯಲ್ಲಿ ಸಿಗುವ ಗುಡಿ ಬರೆದೆ, ಅಮೀನಗಡದ ಕರದಂಟು ಬರೆದೆ, ಕರದಂಟಿಗೆ ಅಂಟು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಬರೆದೆ. ಒಂದು ಮಧ್ಯಾಹ್ನ ಮೈಸೂರಿನ ಗಂಡಹೆಂಡತಿ ಬಾದಾಮಿ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದರು. "ಸರ್, ನಿಮ್ಮ ಲೇಖನ ಪೂರ್ತಿ ಓದಿದ್ವಿ, ತುಂಬಾ ಚೆನ್ನಾಗಿದೆ. ಬಸ್ಸು ಎಲ್ಲಿ ಹತ್ತಬೇಕು?" ಅದೊಂದನ್ನು ನಾನು ಬರೆದಿರಲಿಲ್ಲ.

ಚೆನ್ನಾಗಿ ಓಡಿದ್ದು ಹೊಸ ಸೀರೆಯನ್ನು ಮೊದಲ ಸಲ ಒಗೆಯುವುದು ಹೇಗೆ ಅನ್ನುವ ಬ್ಲಾಗು. ತಣ್ಣೀರು, ಒಂದು ಮುಷ್ಟಿ ಉಪ್ಪು, ನೆರಳಿನಲ್ಲಿ ಒಣಗಿಸುವುದು. ಅಷ್ಟೇ ಇತ್ತು ಅದರಲ್ಲಿ. ಹುನಗುಂದದ ಒಬ್ಬ ಗೃಹಸ್ಥರು ಅಂಗಡಿಗೇ ಬಂದು, "ನಿಮ್ಮದು ಓದಿ ನಾನ ಸೀರಿ ಒಗದೆ ನೋಡ್ರಿ. ಈಗ ಮನ್ಯಾಗ ಎಲ್ಲಾ ಸೀರಿ ನನಗ ಹಚ್ಚ್ಯಾರ" ಅಂತ ದೂರು ಕೊಟ್ಟು ಹೋದರು.

ಆಮೇಲೆ ಕಾಲ ಬದಲಾಯಿತು. ಅಂತರ್ಜಾಲದಲ್ಲಿ ಹುಡುಕಿದರೆ ಉದ್ದದ ಬರಹಗಳೇ ಮೊದಲು ಸಿಗುತ್ತವೆ ಅಂತ ಸ್ಮಿತಾ ಎಲ್ಲಿಂದಲೋ ತಿಳಿದುಕೊಂಡು ಬಂದಳು. ಆಕೆಯದು ತಪ್ಪಲ್ಲ, ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು. "ಕಾಕಾ, ಒಂದು ವಿಷಯ ತಗೊಂಡ್ರ ಅದರಾಗ ಏನೂ ಬಿಡಬಾರದು. ಎಲ್ಲಾ ಇರಬೇಕು" ಅಂದಳು. ನಾವು ತಗೊಂಡ ವಿಷಯ ಕೊಂಡಿ.

ಇಳಕಲ್ ಸೀರೆಯ ಹೆಚ್ಚುಗಾರಿಕೆ ಇರುವುದೇ ಕೊಂಡಿಯಲ್ಲಿ. ಸೀರೆಯ ಒಡಲಿಗೆ ಹಾಸುವ ನೂಲು ಬೇರೆ, ಕೆಂಪು ಸೆರಗಿಗೆ ಹಾಸುವ ರೇಷ್ಮೆ ಬೇರೆ. ಮಗ್ಗದ ಮೇಲೆ ಈ ಎಳೆಗೆ ಆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿ, ಆಮೇಲೆ ನೇಯುತ್ತಾರೆ. ಎರಡು ಬೇರೆ ಬಟ್ಟೆ ಒಂದಾದದ್ದು ಬೆರಳಿಗೆ ಗೊತ್ತಾಗುವುದಿಲ್ಲ.

ಬಹಳ ಜನ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: ಒಡಲು ಹರಿದ ಹಳೆಯ ಸೀರೆಯ ಸೆರಗನ್ನು ಕತ್ತರಿಸಿ ಹೊಸ ಒಡಲಿಗೆ ಕೂಡಿಸಬಹುದೇ? ಕೂಡಿಸಲಾಗದು. ಅದಕ್ಕೆ ನಾನು ಬ್ಲಾಗಿನ ಮೊದಲ ಸಾಲನ್ನೇ "ಹಳೆಯ ಸೀರೆಯ ಸೆರಗನ್ನು ಕತ್ತರಿಸಬೇಡಿ" ಅಂತ ಬರೆದೆ. ಸಾವಕಾರರು ಓದಿ ಮುಖ ಹುಳ್ಳಗೆ ಮಾಡಿದರು.

"ಏನೋ ಸಂಗಣ್ಣ, ಬಾಗಲಾ ತಗದ ಕೂಡಲೇ ಬ್ಯಾಡ ಅಂತೀಯಲ್ಲೋ. ಇದು ನಮ್ಮ ಅಂಗಡಿನ ಹೌದಲ್ಲೋ?"

"ಇದು ಬ್ಲಾಗ್ರಿ, ಸಾವಕಾರ್ರ."

"ಬ್ಲಾಗಿಗೂ ಬೋಣಿಗಿ ಇರ್ತೈತಿ. ಆ ಮಾತು ಕೆಳಗ ಹಾಕು."

ನಾನು ಬೆಳೆದದ್ದು ಅದೇ ಗಾದಿಯ ಮೇಲೆ. ಅವರ ಮಾತು ನನಗೆ ಸಹಜ ಅನ್ನಿಸಿತು. ಆ ಸಾಲು ಕೆಳಗೆ ಹೋಯಿತು. ಅದರ ಮೇಲೆ ಸ್ಮಿತಾ ಹೇಳಿದ ಪ್ರಕಾರ ನೇಕಾರಿಕೆಯ ಇತಿಹಾಸ ಬಂತು, ಸೆರಗಿನ ತೆನೆಯ ಚಿತ್ತಾರ ಬಂತು, ದಡಿಯ ಬಗೆಗಳು ಬಂದವು. ಬರಹ ಎಲ್ಲರಿಗಿಂತ ಮೇಲೆ ಸಿಗತೊಡಗಿತು. ಸ್ಮಿತಾ ಪೇಢೆ ಹಂಚಿದಳು.

ಒಂದು ದಿನ ಬಾಗಲಕೋಟೆಯಿಂದ ಒಂದು ಪಾರ್ಸಲ್ ಬಂತು. ಬಿಚ್ಚಿದರೆ ಒಳಗೆ ಕೆಂಪು ರೇಷ್ಮೆಯ ಸೆರಗು. ಸೆರಗು ಮಾತ್ರ. ಕೊಂಡಿಯ ಗೆರೆಯ ಮೇಲೆ, ಒಂದು ಎಳೆಯೂ ಆಚೀಚೆ ಆಗದ ಹಾಗೆ, ಕತ್ತರಿ ಆಡಿತ್ತು. ಅಷ್ಟರಲ್ಲಿ ಫೋನು ಬಂತು.

"ಅಣ್ಣಾರ, ನಾನ್ರಿ, ನವನಗರದಿಂದ ಗಿರಿಜಾ. ಸೆರಗು ಮುಟ್ಟಿತೇನ್ರಿ? ನಿಮ್ಮ ಬ್ಲಾಗಿನ್ಯಾಗ ಬರದಿದ್ರಲ್ಲ, ಸೆರಗು ಬ್ಯಾರೆ ಒಡಲು ಬ್ಯಾರೆ, ಕೊಂಡಿ ಹಾಕಿ ಕೂಡಸ್ತಾರ ಅಂತ. ಓದಿ ಭಾಳ ಖುಷಿ ಆತ್ರಿ. ಬಸರಿದ್ದಾಗ ನನ್ನ ಕುಬಸದಾಗ ನಮ್ಮವ್ವ ಉಡಿಸಿದ ಸೀರಿ ಅದು. ಈಗ ಅವ್ವ ಇಲ್ಲ. ಒಡಲು ಪೂರಾ ಪಿಸದೈತಿ, ಸೆರಗು ನೋಡ್ರಿ ಹೆಂಗೈತಿ. ಮಗಳಿಗೆ ಈಗ ಏಳು ತಿಂಗಳಾಗ ಬಿದ್ದೈತ್ರಿ. ಆಕಿ ಕುಬಸಕ್ಕ ಹಸರ ಒಡಲಿಗೆ ಇದನ್ನ ಕೂಡಿಸಿ ಕೊಡ್ರಿ. ಅವ್ವನ ಕೈಯಾರೆ ಉಡಿಸಿದಂಗ ಆಗ್ತೈತಿ."

"ನೋಡ್ತೇವ್ರಿ ಅಕ್ಕಾರ," ಅಂದೆ. "ಆಗಂಗಿಲ್ಲ" ಅನ್ನುವ ಮಾತು ಬಾಯಿಗೆ ಬರಲಿಲ್ಲ. ಅಂಗಡಿಯಲ್ಲಿ ಬೋಣಿಗೆ ಆಗಿತ್ತೋ ಇಲ್ಲವೋ, ಈಗ ನೆನಪಿಲ್ಲ.

ನಮಗೆ ಸೀರೆ ನೇಯ್ದು ಕೊಡುವ ತಿಪ್ಪಣ್ಣನ ಮನೆಗೆ ಸೆರಗು ಒಯ್ದೆ. ಆತ ಅಂಚಿನ ಹೊಕ್ಕಿನ ಎಳೆಗಳನ್ನು ಸೂಜಿಯಿಂದ ಬಿಡಿಸಿ, ಹಾಸಿನ ರೇಷ್ಮೆಯ ತುದಿಗಳನ್ನು ಹೊರಗೆ ತೆಗೆದು, ಹೊಸ ನೂಲಿಗೆ ಕೂಡಿಸಲು ನೋಡಿದ. ಹುರಿ ಮಾಡುವಷ್ಟರಲ್ಲಿ ಎಳೆ ಪಟ್ಟನೆ ಹರಿಯಿತು. ಇನ್ನೊಂದು ಹಿಡಿದ, ಅದೂ ಹರಿಯಿತು. ನಾನು "ಇನ್ನೊಮ್ಮೆ ನೋಡು, ಇನ್ನೊಮ್ಮೆ" ಅನ್ನುತ್ತಲೇ ಇದ್ದೆ.

"ನೋಡಾಕ ಗಟ್ಟಿ ಕಾಣ್ತೈತ್ರಿ, ಎಳಿಯಾಗ ಜೀವ ಇಲ್ಲ," ಅಂದ ತಿಪ್ಪಣ್ಣ. "ಮಗ್ಗದ ಮ್ಯಾಲ ಜಗ್ಗಿದ್ರ ಉಳಿಯಂಗಿಲ್ಲ. ಹಿಂಗ ಇದ್ರ ಇದ್ದಷ್ಟು ಉಳಿತೈತಿ. ಒಯ್ದು ಕೊಡ್ರಿ."

ಸ್ಮಿತಾಳಿಗೆ ಅಳು ಬರುವುದೊಂದು ಬಾಕಿ. ಹೊಸ ಹಸಿರು ಸೀರೆಯನ್ನು ಅಂಗಡಿಯ ಕಡೆಯಿಂದ ಕಳಿಸೋಣ ಅಂದಳು, ಕೂತು ಒಂದು ಕ್ಷಮಾಪಣೆಯ ಪತ್ರವನ್ನೂ ಬರೆದಳು. ಓದಿದೆ. ಅದರಲ್ಲಿ ನಾರಿನ ಗುಣ, ರೇಷ್ಮೆಯ ಆಯುಷ್ಯ, ನಮ್ಮ ಮನೆತನದ ಹೆಸರು ಎಲ್ಲ ಇತ್ತು. ಕೂಡಿಸಲು ಬರುವುದಿಲ್ಲ ಅನ್ನುವುದು ಕೊನೆಯ ಪ್ಯಾರಾದಲ್ಲಿತ್ತು.

"ತಾಯಿ, ಇದನ್ನ ಕಳಸಬ್ಯಾಡ. ನಾನ ಹೋಗಿ ಬರ್ತೇನಿ," ಅಂದೆ.

ಬಾಗಲಕೋಟೆ ಬಸ್ಸು ಹತ್ತಿದೆ. ಹೊಸ ಸೀರೆ ಚೀಲದಲ್ಲಿ, ಸೆರಗು ತೊಡೆಯ ಮೇಲೆ. ಹುನಗುಂದ ದಾಟುವ ತನಕ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಕಟ್ಟುತ್ತ ಹೋದೆ. ಮೊದಲು ಕೊಂಡಿಯ ರೀತಿ ತಿಳಿಸಬೇಕು, ಆಮೇಲೆ ತಿಪ್ಪಣ್ಣ ಪಟ್ಟ ಪ್ರಯತ್ನ, ಆಮೇಲೆ ಬ್ಲಾಗಿನ ಕೆಳಗೆ ನಾವು ಎಚ್ಚರಿಕೆ ಬರೆದಿದ್ದೆವು ಅನ್ನುವುದು. ಕಮತಗಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಹತ್ತಿ ಪಕ್ಕದಲ್ಲಿ ಕೂತು ಫೋನು ತೆಗೆದಳು. ಅಭ್ಯಾಸ ಬಿಡುವುದಿಲ್ಲ, ಹೆಬ್ಬೆರಳು ನೋಡಿದೆ. ಓಡುತ್ತಿತ್ತು. ಯಾರೋ ಪಾಪ ಕೂತು ಬರೆದದ್ದು ಊರುಗಳ ಹಾಗೆ ಹಿಂದಕ್ಕೆ ಹೋಗುತ್ತಿತ್ತು. ನಾನು ಕಟ್ಟಿಕೊಂಡ ಮಾತನ್ನೆಲ್ಲ ಅಲ್ಲೇ ಬಿಟ್ಟೆ.

ಬಸ್ಸು ಇಳಿದು ದಾರಿ ಕೇಳಲು ಫೋನು ಮಾಡಿದ್ದೆ, ಗಿರಿಜಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. "ನೀವ ಬಂದ್ರ್ಯಾ ಅಣ್ಣಾರ! ಇಷ್ಟ ಲಗೂನ ಆತೇನ್ರಿ?" ಅಂತ ಒಳಗೆ ಕರೆದರು. ಒಗ್ಗರಣೆ ಚುರಮರಿ ತಂದಿಟ್ಟರು. ಮಗಳು ಸೌಮ್ಯಾ ಗೋಡೆಗೆ ದಿಂಬು ಕೊಟ್ಟುಕೊಂಡು ಕೂತಿದ್ದಳು. ಚುರಮರಿ ಬಾಯಿಗೆ ಹಾಕಿಕೊಂಡರೆ ಮಾತು ಇನ್ನಷ್ಟು ಕಷ್ಟವಾಗುತ್ತದೆ ಅಂತ ತಾಟು ಮುಟ್ಟಲಿಲ್ಲ.

"ಅಕ್ಕಾರ, ಸೆರಗು ಕೂಡಂಗಿಲ್ರಿ," ಅಂದೆ. ಅಷ್ಟೇ ಅಂದೆ.

ಅವರು ನನ್ನ ಮುಖ ನೋಡಿದರು. ನಾನು ಸೆರಗನ್ನು ತೆಗೆದು ಅವರ ಮುಂದೆ ಇಟ್ಟೆ. ಎಷ್ಟೋ ವರ್ಷ ಸೀರೆ ಹರವಿದ ಕೈ ನನ್ನದು, ಅವತ್ತು ಆ ಒಂದು ಮಡಿಕೆ ಬಿಚ್ಚಲು ಬರಲಿಲ್ಲ.

"ಮತ್ತ ಅದನ್ನ ಬರೀಬೇಕಾಗಿತ್ತಲ್ರಿ?"

"ಬರದೇವ್ರಿ. ಕೆಳಗೈತಿ."

ಅವರು ಫೋನು ತೆಗೆದರು. ಬ್ಲಾಗು ತೆರೆದು ಹೆಬ್ಬೆರಳಿನಿಂದ ತಳ್ಳತೊಡಗಿದರು. ಇತಿಹಾಸ ಹೋಯಿತು, ತೆನೆಯ ಚಿತ್ತಾರ ಹೋಯಿತು, ದಡಿಗಳು ಹೋದವು. ನನ್ನ ಜೀವಮಾನದಲ್ಲಿ ಯಾವ ಬೆರಳೂ ಅಷ್ಟು ದೂರ ಹೋದದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಒಂದು ಕಡೆ ನಿಂತಿತು. ಅವರು ಆ ಸಾಲನ್ನು ಓದಿಕೊಂಡರು.

"ಇಷ್ಟು ಕೆಳಗ ಯಾರು ಬರ್ತಾರ್ರಿ, ಅಣ್ಣಾರ?"

ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ಕೇಳಿದರು. ಆಮೇಲೆ ಫೋನು ಪಕ್ಕಕ್ಕಿಟ್ಟು, "ಅವ್ವ ಉಡಿಸಿದ ಸೀರಿಗೆ ನಾನ ಕತ್ತರಿ ಹಚ್ಚಿದೆನಲ್ಲ" ಅಂತ ಸೆರಗಿನಲ್ಲಿ ಮುಖ ಇಟ್ಟು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು. ನಾಚಿಕೆ ಏನೂ ಇಲ್ಲ, ಬಂತು.

ಸೌಮ್ಯಾ ನಿಧಾನವಾಗಿ ಸರಿದು ಬಂದು ತಾಯಿಯ ಕೈಯಿಂದ ಸೆರಗು ತಗೊಂಡಳು. "ಯವ್ವಾ, ಅಳಬ್ಯಾಡ. ಇದರಾಗ ಕುಂಚಿಗಿ ಹೊಲಸೋಣು," ಅಂದಳು. ಕುಂಚಿಗೆ ಅಂದರೆ ನಮ್ಮ ಕಡೆ ಕೂಸಿನ ತಲೆಗೆ ಕಟ್ಟಿ ಬೆನ್ನ ಮೇಲೆ ಇಳಿಬಿಡುವ ಟೊಪ್ಪಿಗೆ. "ನಿಮ್ಮವ್ವಗ ನನಗ ಉಡಸಾಕ ಆಗಲಿಲ್ಲಂದ್ರ ಇದಕ್ಕ ಹೊಚ್ಚತಾಳ ಬಿಡು," ಅಂತ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಗಿರಿಜಕ್ಕ ಕಣ್ಣೊರೆಸಿಕೊಂಡರು. "ಕುಂಚಿಗಿ ಆಗ್ತೈತಿ ಖರೆ," ಅಂದರು. "ಸೀರಿ ಆಗಂಗಿಲ್ಲಲ್ಲ." ಹೊಸ ಸೀರೆಯನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. ನಾನು ಚುರಮರಿ ತಿನ್ನದೆ ಏಳುವುದು ಅವರಿಗೆ ಸರಿಬರಲಿಲ್ಲ, ಕೂಡಿಸಿ ತಿನ್ನಿಸಿದರು. ಬಾಗಿಲ ತನಕ ಬಂದು, "ಇನ್ನೊಬ್ಬಾಕಿ ಹಿಂಗ ಮಾಡಬಾರದು ನೋಡ್ರಿ" ಅಂದರು.

ಮರುದಿನ ಬೆಳಿಗ್ಗೆ ಸಾವಕಾರರ ಎದುರು ನಿಂತೆ. ನಾನು ಅವರೆದುರು ದನಿ ಏರಿಸಿದವನಲ್ಲ. ಅವತ್ತೂ ಏರಿಸಲಿಲ್ಲ. ನಡೆದದ್ದನ್ನು ಹೇಳಿ, "ಕೊಂಡಿ ಬ್ಲಾಗು ತಗದು ಹೊಸಾದು ಹಾಕ್ತೇನ್ರಿ. ಮೊದಲನೇ ಸಾಲಿನ್ಯಾಗ ಕತ್ತರಿಸಬ್ಯಾಡ್ರಿ ಅಂತ ಬರೀತೇನಿ," ಅಂದೆ.

ಸ್ಮಿತಾ ಬಾಯಿ ಬಿಡುವ ಮೊದಲೇ ಸಾವಕಾರರು ಕೈ ಎತ್ತಿ ತಡೆದರು. ಲೋಡಿಗೆ ಒರಗಿಕೊಂಡು ಬೀದಿ ನೋಡಿದರು. ಆ ನಿಯಮ ಅವರಪ್ಪನ ಕಾಲದ್ದು. ಅವರಿಗೆ ಅದನ್ನು ಮುರಿಯುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತಿತ್ತು.

"ಬರಿ," ಅಂದರು ಕೊನೆಗೆ. "ಆದರ ಬೋಣಿಗಿ ಆದ ಮ್ಯಾಲ ಏರಸು."

ನಾನು ನಾಲ್ಕು ಸಾಲು ಬರೆದೆ. ಹಳೆಯ ಸೀರೆಯ ಸೆರಗನ್ನು ಕತ್ತರಿಸಬೇಡಿ. ಕೊಂಡಿ ಕೂಡುವುದು ಮಗ್ಗದ ಮೇಲೆ ಒಂದೇ ಸಲ. ಒಡಲು ಹರಿದಿದ್ದರೆ ಇದ್ದ ಹಾಗೇ ಮಡಿಚಿಡಿ. ಏನು ಮಾಡಬಹುದು ಅಂತ ನಮ್ಮನ್ನು ಕೇಳಿ. ಶಾಂತಾಳಿಗೆ ಕಳಿಸಿದೆ, ಓದಿ ಮುಗಿಸಿ "ಇದನ್ನ ನೀವ ಬರದೀರಿ" ಅಂದಳು. ಆಮೇಲೆ ಕಂಪ್ಯೂಟರ್ ಮುಂದೆ ಕೈಕಟ್ಟಿ ಕೂತೆವು. ಅವತ್ತು ಅದೇನೋ ಗಿರಾಕಿಯೇ ಇಲ್ಲ. ಸಾವಕಾರರು ಬಾಗಿಲು ನೋಡುವುದು, ನನ್ನ ಮುಖ ನೋಡುವುದು. ಕೊನೆಗೆ ಒಬ್ಬ ಮುದುಕಿ ಬಂದು ಒಂದು ರವಿಕೆಯ ಖಣ ತಗೊಂಡಳು. ಸಾವಕಾರರು ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಕಡೆ ತಲೆಯಾಡಿಸಿದರು. ನಾನು ಗುಂಡಿ ಒತ್ತಿದೆ.

ಹುಡುಕಿದರೆ ಅದು ಮೇಲೆ ಸಿಗುತ್ತಿರಲಿಲ್ಲ. ಸ್ಮಿತಾ ಅದಕ್ಕೊಂದು ಉಪಾಯ ಮಾಡಿದಳು. ತೆಗೆದಿದ್ದ ಹಳೆಯ ಉದ್ದದ ಬರಹವನ್ನು ಮತ್ತೆ ಹಾಕಿ, ಈ ನಾಲ್ಕು ಸಾಲನ್ನು ಅದರ ನೆತ್ತಿಯ ಮೇಲೆ ಕೂಡಿಸಿದಳು. ಓದುವವರು ಮೊದಲು ಅದನ್ನು ಓದಿ, ಬೇಕಾದವರು ಮುಂದಕ್ಕೆ ಹೋಗಲಿ ಅಂದಳು. ನನಗಿಂತ ಆಕೆ ಚಲೋ ಯೋಚನೆ ಮಾಡಿದಳು ಅಂತ ಒಪ್ಪಿಕೊಳ್ಳಬೇಕು.

ನಾನು ಕೆಲಸ ಬಿಡುವ ಮುಂಚೆ, ಒಂದು ಸಂಜೆ, ಆ ಬ್ಲಾಗಿನ ಕೆಳಗೆ ಯಾರೋ ಹೆಣ್ಣುಮಗಳು ಬರೆದಿದ್ದಳು. ಹೆಸರು ಪರಿಚಯದ್ದಲ್ಲ, ಊರೂ ಬರೆದಿರಲಿಲ್ಲ. "ಅಜ್ಜಿ ಸೀರಿ. ಕತ್ತರಿ ಕೈಯಾಗಿತ್ತು. ಕೆಳಗಿಟ್ಟೆ." ಇಷ್ಟೇ ಇತ್ತು.

ಅದಕ್ಕೆ ಉತ್ತರ ಬರೆಯಲು ಕೂತೆ. ಧನ್ಯವಾದ ಅಂತ ಶುರು ಮಾಡಿದೆ, ಅಳಿಸಿದೆ. ಅದನ್ನು ಇದ್ದ ಹಾಗೇ ಗಿರಿಜಕ್ಕನ ಫೋನಿಗೆ ಕಳಿಸಿದೆ. ಅವರು ಓದಿದ್ದು ಗೊತ್ತಾಯಿತು, ಬಹಳ ಹೊತ್ತು ಏನೂ ಬರಲಿಲ್ಲ. ತಪ್ಪು ಮಾಡಿದೆನೇನೋ, ಮಾಯ್ದ ಗಾಯ ಕೆದರಿದೆನೇನೋ ಅಂತ ಕಳವಳವಾಯಿತು.

ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಫೋಟೊ ಬಂತು. ಕೆಂಪು ಕುಂಚಿಗೆಯೊಳಗೆ ಒಂದು ಕೂಸು ಮುಷ್ಟಿ ಕಟ್ಟಿ ಮಲಗಿತ್ತು. ಹಣೆಯ ಮೇಲೆ ಸೆರಗಿನ ಬಿಳಿ ತೆನೆಗಳು ಸಾಲಾಗಿ ಬಂದಿದ್ದವು.

ಅಶ್ವಿನಿ, ನೀನು ಎಷ್ಟು ಶಬ್ದ ಅಂತ ಕೇಳಿದ್ದೆ. ಆ ಫೋಟೊದ ಕೆಳಗೆ ಒಂದೂ ಇರಲಿಲ್ಲ. ಸಾವಕಾರರು ಕದ ಎಳೆಯಲು ಬಂದು "ಏಳೋ ಸಂಗಣ್ಣ" ಅನ್ನುವ ತನಕ ನಾನು ಅದನ್ನೇ ನೋಡುತ್ತ ಕೂತಿದ್ದೆ. ನನ್ನ ಹೆಬ್ಬೆರಳು ಅಲ್ಲೇ ನಿಂತಿತ್ತು.